ಕೆಳಗಾಳಿಯ ಮಣೆ

ಅಜ್ಜಂಪುರ
ಆಷಾಢ ಮಾಸ, ೧೯೬೪

ಅತ್ತೆ ಈರಕ್ಕನವರ ಪಾದಕ್ಕೆ ಸೊಸೆ ಶಂಕರಿ ತಲೆಬಾಗಿ ಬರೆಯುವ ಕಾಗದ.

ಇತ್ತ ನಾವೆಲ್ಲ ಕ್ಷೇಮ. ಮೊದಲು ಇದನ್ನೇ ಬರೆಯಬೇಕು ಎಂದು ಹೇಳಿಕೊಟ್ಟವರು ನೀವು. ಲಿಂಗದಹಳ್ಳಿಯಲ್ಲಿದ್ದ ನಿಮ್ಮ ತಮ್ಮನಿಗೆ ಮೂರು ತಿಂಗಳಿಗೊಮ್ಮೆ ನನ್ನಿಂದ ಕಾರ್ಡು ಬರೆಸುವಾಗ, ಹೊಸಿಲ ಮೇಲೆ ಕೂತು, “ಲೇ ಶಂಕರಿ, ಮೊದ್ಲು ಎಲ್ರೂ ಚೆನ್ನಾಗವ್ರೆ ಅಂತ ಬರಿ. ಕಾಗ್ದ ಬಂತು ಅಂದ್ರೆ ಓದೋರ ಎದೆ ಹೊಡ್ಕೊಳ್ತದೆ. ಮಿಕ್ಕಿದ್ದು ಆಮೇಲೆ” ಎನ್ನುತ್ತಿದ್ದಿರಿ. ಬರೆದು ಮುಗಿಸಿದ ಮೇಲೆ ಅದನ್ನು ನಾನು ನಿಮಗೆ ಓದಿ ಹೇಳಬೇಕಿತ್ತು. ನಡುವೆ ನಿಲ್ಲಿಸಿದರೆ ನಿಮಗೆ ಸಿಟ್ಟು. “ಒಂದೇ ಉಸ್ರಿಗೆ ಓದೇ, ತಡವರಿಸಿದ್ರೆ ಸುಳ್ಳು ಬರ್ದಂಗೆ ಕೇಳ್ತದೆ” ಎಂದು ಬೈಯುತ್ತಿದ್ದಿರಿ. ನೀವು ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಇಷ್ಟು ದಿನ ನಿಮಗೆ ಒಂದು ಸಾಲು ಬರೆಯುವ ಧೈರ್ಯ ನನಗೆ ಇರಲಿಲ್ಲ. ಇವತ್ತು ಬರೆಯದಿದ್ದರೆ ಇನ್ನು ಯಾವತ್ತೂ ಬರೆಯುವುದಿಲ್ಲ ಅನ್ನಿಸಿ ಕೂತಿದ್ದೇನೆ.

ಇವತ್ತು ನಮ್ಮ ಕಲ್ಲಿದ್ದಲಿನ ಅಂಗಳಕ್ಕೆ ಗಾಳಿ ಯಂತ್ರ ಬಂತು. ಆಯಿಲ್ ಎಂಜಿನ್ನಿಗೆ ಪಟ್ಟಿ ಹಾಕಿ, ಆಳುದ್ದದ ಫ್ಯಾನು ತಿರುಗಿಸುತ್ತಾರೆ. ಮೇಲಿನಿಂದ ಬೂದಿ ಸುರಿದರೆ ಕಲ್ಲು ಮುಂದೆಯೇ ಬೀಳುತ್ತದೆ, ಇದ್ದಿಲು ನಡುವೆ ಬೀಳುತ್ತದೆ, ಬೂದಿ ಮಾತ್ರ ತಗಡಿನ ಕೊಳವೆಯೊಳಗೆ ಹಾರಿಕೊಂಡು ಹೋಗಿ ಒಂದು ಕೋಣೆ ಸೇರುತ್ತದೆ. ಆ ಕೋಣೆಯ ಗೋಡೆಯನ್ನು ಎಲ್ಲಿ ಕಟ್ಟಿದ್ದಾರೆ ಗೊತ್ತೇ? ಆಷಾಢದಲ್ಲಿ ನೀವು ಮಣೆ ಹಾಕಿಕೊಂಡು ಕೂರುತ್ತಿದ್ದ ಜಾಗದಲ್ಲಿ, ಸರಿಯಾಗಿ ಅಲ್ಲೇ. ಮೇಸ್ತ್ರಿ ರಂಗಯ್ಯನವರು ತೆಂಗಿನಕಾಯಿ ಒಡೆದರು, ಎಲ್ಲರಿಗೂ ಬೆಲ್ಲ ಹಂಚಿದರು. ನನ್ನ ಪಾಲಿನ ಬೆಲ್ಲ ಕೈಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಅತ್ತುಬಿಟ್ಟೆ. ಯಂತ್ರ ಬಂದು ಕೂಲಿ ಹೋಗುತ್ತದೆ ಅಂತ ಅಳುತ್ತಿದ್ದಾಳೆ ಎಂದು ರಂಗಯ್ಯನವರು ತಿಳಿದುಕೊಂಡರು. ನಮ್ಮ ಜೊತೆ ಬೂದಿ ತೂರುವ ದುರ್ಗಮ್ಮನಿಗೆ ಮಾತ್ರ ಗೊತ್ತಿತ್ತು. ಅವಳು ಬಂದು ನನ್ನ ಬೆನ್ನಿನ ಮೇಲೆ ಕೈ ಇಟ್ಟಳು.

ನಿಮ್ಮ ಮೊಮ್ಮಗಳು ಮೀನಾಕ್ಷಿ ಮುಂದೆ ಇದನ್ನು ಓದುತ್ತಾಳೆ. ಅವಳಿಗಾಗಿ ನಮ್ಮ ಕೆಲಸದ ವಿಷಯ ಸ್ವಲ್ಪ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರೈಲು ಎಂಜಿನ್ನುಗಳ ಹೊಟ್ಟೆಯಿಂದ ಎಳೆದು ಹಾಕಿದ ಬೂದಿಯನ್ನು ನಮ್ಮ ಸಾಹುಕಾರರು ಹರಾಜಿನಲ್ಲಿ ಹಿಡಿದು ಹಳಿಯ ಪಕ್ಕದ ಬಯಲಿಗೆ ತರಿಸುತ್ತಿದ್ದರು. ಅದರಲ್ಲಿ ಬರೀ ಬೂದಿ ಇರುವುದಿಲ್ಲ. ಬೆಂಕಿ ತಾಗದೆ ಹಾಗೇ ಬಿದ್ದ ಕಲ್ಲಿದ್ದಲು ಇರುತ್ತದೆ, ಅರ್ಧ ಬೆಂದು ಹಗುರಾದ ಇದ್ದಿಲು ಇರುತ್ತದೆ, ಜೊತೆಗೆ ಕಲ್ಲು. ಅವನ್ನೆಲ್ಲ ಬೇರೆ ಮಾಡಿ, ಒಳ್ಳೆಯದನ್ನು ಚೀಲಕ್ಕೆ ತುಂಬಿದರೆ ತರೀಕೆರೆ, ಕಡೂರು ಕಡೆಯ ಕಮ್ಮಾರರು ಕುಲುಮೆಗೆ ಒಯ್ಯುತ್ತಾರೆ. ತೊಳೆದರೆ ಸುಲಭ. ಆದರೆ ನೀರು ಮುಟ್ಟಿಸುವ ಹಾಗಿಲ್ಲ. ಒದ್ದೆ ಇದ್ದಿಲು ಕಮ್ಮಾರರಿಗೆ ಬೇಡ, ನೀರು ಕುಡಿದ ಕಲ್ಲು ಒಂದು ಚೂರು ಒಳಗೆ ಸೇರಿದರೂ ಕುಲುಮೆಯಲ್ಲಿ ಸಿಡಿಯುತ್ತದೆ. ಅದೂ ಅಲ್ಲದೆ ನಮ್ಮ ಬಯಲಿನಲ್ಲಿ ನೀರೆಲ್ಲಿತ್ತು? ರೈಲು ಎಂಜಿನ್ನು ನಿಂತು ನೀರಿನ ಕಂಬದ ಸೊಂಡಿಲಿನಿಂದ ಗಟಗಟ ಕುಡಿಯುವುದನ್ನು ನೋಡುತ್ತಾ ನಾವು ಒಣ ಗಂಟಲಿನಲ್ಲಿ ಕೂರುತ್ತಿದ್ದೆವು. ಹಾಗಾಗಿ ನಮ್ಮದು ಗಾಳಿಯ ಕೆಲಸ. ಕಣದಲ್ಲಿ ರಾಗಿ ತೂರುವ ಹಾಗೆ ಬೂದಿ ತೂರುವುದು.

ನಾಲ್ಕು ಜನ ಹೆಂಗಸರ ಒಂದು ಸಾಲು. ದುರ್ಗಮ್ಮ ಎತ್ತರದವಳು, ಕಟ್ಟೆಯ ಮೇಲೆ ನಿಂತು ಮೊರದಿಂದ ತೂರುತ್ತಿದ್ದಳು. ಭಾರದ್ದೆಲ್ಲ, ಎಂದರೆ ಕಲ್ಲು ಮತ್ತು ಬೇಯದ ಕಲ್ಲಿದ್ದಲು, ಅವಳ ಕಾಲಬುಡದಲ್ಲೇ ಬೀಳುತ್ತಿತ್ತು. ಅಲ್ಲಿ ಕೂತು ಎರಡನ್ನೂ ಬೇರೆ ಮಾಡುವುದು ನನ್ನ ಕೆಲಸ. ಹಗುರಾದ ಇದ್ದಿಲು ನಡುವೆ ಬೀಳುವ ಕಡೆ ಕಾಂತಮ್ಮ ಜರಡಿ ಹಿಡಿದು ಕೂರುತ್ತಿದ್ದಳು. ಎಲ್ಲಕ್ಕಿಂತ ಆಚೆ, ಗಾಳಿ ಬೂದಿಯನ್ನು ಎಳೆದುಕೊಂಡು ಹೋಗುವ ಕೊನೆಯಲ್ಲಿ ನೀವು. ಆ ಜಾಗಕ್ಕೆ ಕೆಳಗಾಳಿ ಎನ್ನುತ್ತಿದ್ದರು. ನನ್ನ ಜಾಗ ಮೇಲ್ಗಾಳಿ. ಗಾಳಿ ನನ್ನ ಬೆನ್ನಿಗೆ ಹೊಡೆದು ಮುಂದೆ ಹೋಗುತ್ತಿತ್ತು, ಒಂದು ಕಣ ಬೂದಿಯೂ ನನ್ನ ಮುಖಕ್ಕೆ ಬರುತ್ತಿರಲಿಲ್ಲ.

ನಾನು ಚೌಳಹಿರಿಯೂರಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು. ನಿಮ್ಮ ಮಗ ಬೆನಕಪ್ಪನವರನ್ನು ಮದುವೆಯಾಗಿ ಬಂದಾಗ ನನಗೆ ಹದಿನೇಳು. ಅವರು ಇದೇ ಅಂಗಳದ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಕೂತು ಉಣ್ಣುವ ಮನೆ ನಮ್ಮದಲ್ಲ ಎಂದು ಬಂದ ದಿನವೇ ತಿಳಿಯಿತು. ಮೂರು ತಿಂಗಳ ಗರ್ಭಿಣಿಯಾಗಿ ನಾನೂ ನಿಮ್ಮ ಹಿಂದೆ ಮೊರ ಹಿಡಿದು ಹೊರಟೆ. ಮೊದಲ ದಿನವೇ ಕೇಳಿದೆ, ನೀವು ಅಷ್ಟು ದೂರ ಯಾಕೆ ಕೂರುತ್ತೀರಿ ಎಂದು. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಳ್ಳುತ್ತಾ ನೀವು ಹೇಳಿದ್ದು ನನಗೆ ಈಗಲೂ ನೆನಪಿದೆ. “ಅದು ಕಡೇ ಕಣ್ಣಿನ ಜಾಗ ಕಣೇ. ಬೂದೀಲಿ ತಪ್ಪಿಸ್ಕೊಂಡಿದ್ದು ಕಡೇಗೆ ಅಲ್ಲಿ ಸಿಕ್ಕಬೇಕು. ನುರಿತ ಕಣ್ಣಿರೋಳೇ ಕೂರೋದು. ನಿನಗಿನ್ನೂ ಕಣ್ಣು ಬಂದಿಲ್ಲ. ಬಂದ ದಿನ ಮಣೆ ಬಿಟ್ಕೊಡ್ತೀನಿ.” ಹಿಂದೆ ನಿಂತಿದ್ದ ದುರ್ಗಮ್ಮ ಮತ್ತು ಕಾಂತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ದಡ್ಡತನಕ್ಕೆ ನಗುತ್ತಿದ್ದಾರೆ ಎಂದುಕೊಂಡೆ.

ಕೆಲಸ ಮಾತ್ರ ನೀವು ಚೆನ್ನಾಗಿ ಕಲಿಸಿದಿರಿ. ಮೂರು ಗುಟ್ಟು ಹೇಳಿಕೊಟ್ಟಿರಿ. ಕೈಯಲ್ಲಿ ಹಿಡಿದು ತೂಗು ಎಂದಿರಿ, ಕಲ್ಲು ಕೈಯನ್ನು ಕೆಳಕ್ಕೆ ಎಳೆಯುತ್ತದೆ. ಒಂದರ ಮೇಲೊಂದು ತಟ್ಟು ಎಂದಿರಿ, ಕಲ್ಲು ಟಣ್ ಎನ್ನುತ್ತದೆ, ಕಲ್ಲಿದ್ದಲು ಟಪ್ ಎಂದು ಸುಮ್ಮನಾಗುತ್ತದೆ. ಅದರಲ್ಲೂ ತಿಳಿಯದಿದ್ದರೆ ಕೆನ್ನೆಗೆ ಒತ್ತಿಕೋ ಎಂದಿರಿ. ಕಲ್ಲು ತಣ್ಣಗೆ ಕೊರೆಯುತ್ತದೆ, ಕಲ್ಲಿದ್ದಲು ಮೈಗೆ ಹೊಂದಿಕೊಳ್ಳುತ್ತದೆ. ಸಂಜೆ ಮನೆಗೆ ಬಂದಾಗ ನನ್ನ ಎರಡೂ ಕೆನ್ನೆಯ ಮೇಲೆ ಕಪ್ಪು ಮಚ್ಚೆ. ನಿಮ್ಮ ಮಗ ನೋಡಿ, “ಏನೇ ಇದು, ಇದ್ದಿಲಿಗೆ ಮುತ್ತು ಕೊಟ್ಯಾ?” ಎಂದು ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ನಗು ಅರ್ಧಕ್ಕೇ ಕೆಮ್ಮಾಗುತ್ತಿತ್ತು.

ಎಷ್ಟು ಕಲಿತರೂ ಮಣೆ ಮಾತ್ರ ಬಿಟ್ಟುಕೊಡಲಿಲ್ಲ ನೀವು. ಆಷಾಢದಲ್ಲಿ ಗಾಳಿ ಪಡುವಲಿನಿಂದ ಬಂದರೆ ಮೂಡಲಿಗೆ ಹೋಗಿ ಕೂರುತ್ತಿದ್ದಿರಿ. ಚಳಿಗಾಲದಲ್ಲಿ ಗಾಳಿ ತಿರುಗಿದರೆ ಮಣೆ ಎತ್ತಿಕೊಂಡು ಪಡುವಲಿಗೆ ನಡೆಯುತ್ತಿದ್ದಿರಿ. ಸಂಜೆ ಆ ಮಣೆಯನ್ನು ಅಂಗಳದಲ್ಲಿ ಬಿಡದೆ ಕಂಕುಳಲ್ಲಿ ಇರುಕಿಕೊಂಡು ಮನೆಗೆ ತರುತ್ತಿದ್ದಿರಿ. ನನಗೆ ಮೈ ಉರಿಯುತ್ತಿತ್ತು. ನಿಮ್ಮ ಬೆನ್ನ ಹಿಂದೆ ನಿಮಗೆ ಪಟ್ಟದ ಮಹಾರಾಣಿ ಎಂದು ಹೆಸರಿಟ್ಟಿದ್ದೆ. ಅತ್ತೆಯಾದವಳು ಸೊಸೆ ತನ್ನನ್ನು ಮೀರಿಸಬಾರದು ಎಂದು ಹೊಂಚುತ್ತಾಳೆ, ಎಲ್ಲ ಮನೆಯಲ್ಲೂ ಇದ್ದದ್ದೇ, ಇಲ್ಲಿ ಸೌಟಿನ ಬದಲು ಮಣೆ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದೆ. ನಾಲ್ಕಕ್ಷರ ಕಲಿತ ಕೊಬ್ಬು ಬೇರೆ. ದುರ್ಗಮ್ಮ, ಕಾಂತಮ್ಮ ಇಬ್ಬರೂ ದಿನಾ ನನ್ನ ಪಾಲಿನ ಬುಟ್ಟಿಗಳನ್ನು ತಾವೇ ಹೊತ್ತು ರಾಶಿಗೆ ಹಾಕುತ್ತಿದ್ದರು. ಓದಿದವಳು ಅಂತ ಮರ್ಯಾದೆ ಎಂದು ನಾನು ನಂಬಿಕೊಂಡಿದ್ದೆ.

ಬೆಲ್ಲದ ವಿಷಯ ಬರೆಯಲೇ? ಧೂಳು ಕುಡಿದ ಗಂಟಲಿಗೆ ಒಳ್ಳೆಯದು ಎಂದು ಮಧ್ಯಾಹ್ನ ತಲೆಗೊಂದು ಅಚ್ಚಿನ ಚೂರು ಬೆಲ್ಲ ಕೊಡುತ್ತಿದ್ದರು. ನೀವು ನಿಮ್ಮದನ್ನೂ ತಂದು ನನ್ನ ಸೆರಗಿಗೆ ಹಾಕುತ್ತಿದ್ದಿರಿ. “ನಂಗೆ ಹಲ್ಲು ಜುಮ್ ಅಂತದೆ, ನೀನೇ ತಿನ್ಕೋ.” ಐದು ವರ್ಷ ನಿಮ್ಮ ಹಲ್ಲು ಜುಮ್ ಎಂದಿತು. ನಿಮ್ಮ ಹಲ್ಲುಗಳು ಕೊನೆಯ ದಿನದವರೆಗೂ ಗಟ್ಟಿಯಾಗಿದ್ದವು, ಹುರಿಗಡಲೆ ಕಟಕಟ ಅಗಿಯುತ್ತಿದ್ದಿರಿ. ಪಕ್ಕದಲ್ಲೇ ಕೂತು ನಾನೂ ಅಗಿಯುತ್ತಿದ್ದೆ. ಒಂದು ದಿನವಾದರೂ ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಅತ್ತೆ.

ಮೀನಾಕ್ಷಿ ಹುಟ್ಟಿದ ಮೇಲೆ ಐದನೇ ತಿಂಗಳಿಗೆ ಮತ್ತೆ ಅಂಗಳಕ್ಕೆ ಬಂದೆ. ಮೇಲ್ಗಾಳಿಯ ಹೊಂಗೆ ಮರಕ್ಕೆ ನಿಮ್ಮ ಹಳೆ ಸೀರೆಯ ಜೋಲಿ ಕಟ್ಟಿದಿರಿ. ನನ್ನ ಕೈಗೆ ಎಟುಕುವ ಹಾಗೆ. ಮಗು ಅತ್ತರೆ ನಾನು ಎದ್ದು ಹಾಲು ಕೊಟ್ಟು ಬರಬಹುದಿತ್ತು. ನೀವು ಆಚೆ ಬೂದಿಯ ಮಂಜಿನೊಳಗೆ ಒಂದು ನೆರಳಿನಂತೆ ಕೂತು, ಅಲ್ಲಿಂದಲೇ “ಮಗೀಗೆ ಬಿಸ್ಲು ಬಂತೇನೇ ನೋಡು” ಎಂದು ಕೂಗುತ್ತಿದ್ದಿರಿ. ಮಗುವನ್ನು ಮಾತ್ರ ಅಂಗಳದಲ್ಲಿ ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಮನೆಗೆ ಬಂದು, ಮೈ ತೊಳೆದು, ಸೀರೆ ಬದಲಿಸಿದ ಮೇಲೆಯೇ ಮುಟ್ಟುತ್ತಿದ್ದಿರಿ. ಅದನ್ನೂ ನಾನು ಬಿಗುಮಾನ ಎಂದುಕೊಂಡೆ. ಆ ಹೊತ್ತಿಗಾಗಲೇ ನಿಮ್ಮ ಕೆಮ್ಮು ಬಲಿತಿತ್ತು. ತಮ್ಮನಿಗೆ ಕಾರ್ಡು ಬರೆಸುವಾಗ ಮಾತ್ರ, “ಕೆಮ್ಮು ಕಮ್ಮಿ ಆಗದೆ ಅಂತ ಬರಿ” ಎಂದಿರಿ. ಬರೆದೆ. ಓದಿಯೂ ಹೇಳಿದೆ, ಒಂದೇ ಉಸಿರಿಗೆ.

ಇನ್ನು ಆ ದಿನದ ಮಾತು. ಇದನ್ನು ಬರೆಯುವುದಕ್ಕೇ ನಾನು ಕೂತದ್ದು.

ಅರವತ್ತನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತು. ತರೀಕೆರೆಯ ಕಮ್ಮಾರ ತೀರ್ಥಪ್ಪನವರ ಕುಲುಮೆಯಲ್ಲಿ ನಮ್ಮ ಚೀಲದ ಕಲ್ಲಿದ್ದಲಿನೊಳಗಿದ್ದ ಕಲ್ಲೊಂದು ಸಿಡಿದು ಅವರ ಹುಬ್ಬು ಸೀಳಿತು. ಕಣ್ಣು ಉಳಿದದ್ದು ದೇವರ ದಯೆ. ತಲೆಗೆ ಬಟ್ಟೆ ಸುತ್ತಿಕೊಂಡು ಅವರು ಅಂಗಳಕ್ಕೇ ಬಂದು ಕಲ್ಲಿನ ಚೂರನ್ನು ರಂಗಯ್ಯನವರ ಮುಂದೆ ಇಟ್ಟರು. ರಂಗಯ್ಯನವರು ಸಾಹುಕಾರರ ಅಂಗಡಿಯಿಂದ ಆಗತಾನೇ ಮೇಸ್ತ್ರಿಯಾಗಿ ಬಂದವರು, ಪುಸ್ತಕ ಹಿಡಿಯುವುದು ಗೊತ್ತು, ಮೊರ ಹಿಡಿಯುವುದು ಗೊತ್ತಿಲ್ಲ. “ನಿಮ್ಮ ಸಾಲಿನ ಚೀಲ ಇದು. ಯಾರ ಕೈಯಿಂದ ಈ ಕಲ್ಲು ದಾಟ್ತೋ ಅವರು ನಾಳೆಯಿಂದ ಬರೋದು ಬೇಡ” ಎಂದರು. ಆಗ ನಾನು ಬಾಯಿ ತೆರೆದೆ. ನಮ್ಮ ಅತ್ತೆಗೆ ಕಣ್ಣು ಮಂಜಾಗಿದೆ, ಕಡೆ ಕಣ್ಣಿನ ಜಾಗ ಅವರದು, ಅಲ್ಲಿಂದಲೇ ದಾಟಿದ್ದು, ಆ ಜಾಗ ನನಗೆ ಕೊಡಿ ಎಂದೆ. ಎಲ್ಲರ ಮುಂದೆ, ಹಾಗೆಯೇ ಅಂದೆ.

ದುರ್ಗಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ಸ್ವಾಮಿ, ಕಲ್ಲು ಅಷ್ಟು ದೂರ...” ಎಂದು ಏನೋ ಶುರು ಮಾಡಿದಳು. ನೀವು ಕೈ ಎತ್ತಿದಿರಿ. “ದುರ್ಗಿ, ನೀನು ಸುಮ್ನಿರು.” ಆಮೇಲೆ ರಂಗಯ್ಯನವರ ಕಡೆ ತಿರುಗಿ, “ನನ್ನ ಕಣ್ಣಿನ ಮೇಲೆ ತಾನೇ ದೂರು? ಕಣ್ಣೇ ಬ್ಯಾಡ. ಕಟ್ಬಿಡಿ” ಎಂದಿರಿ. ಅವರು ತಮ್ಮ ಟವೆಲ್ಲಿನಿಂದ ನಿಮ್ಮ ಕಣ್ಣು ಕಟ್ಟಿ, ಇಪ್ಪತ್ತು ತುಂಡುಗಳನ್ನು ಬೆರೆಸಿ ನಿಮ್ಮ ಮಡಿಲಿಗೆ ಸುರಿದರು. ನೀವು ಕೆಮ್ಮು ತಡೆದುಕೊಂಡು ಒಂದೊಂದನ್ನೇ ಎತ್ತಿದಿರಿ. ತೂಗಿದಿರಿ, ತಟ್ಟಿದಿರಿ, ಎರಡನ್ನು ಕೆನ್ನೆಗೆ ಒತ್ತಿಕೊಂಡಿರಿ. ಕಲ್ಲು ಎಡಕ್ಕೆ, ಕಲ್ಲಿದ್ದಲು ಬಲಕ್ಕೆ. ಒಂದೂ ತಪ್ಪಲಿಲ್ಲ. ಗಾಯವಾಗಿದ್ದ ತೀರ್ಥಪ್ಪನವರೇ ತಲೆದೂಗಿ, “ಈ ಯಮ್ಮನ ಕೈ ದಾಟಿ ಕಲ್ಲು ಬರಾಕಿಲ್ಲ ಬಿಡಿ” ಎಂದರು. ಮುಂದೆ ಹುಷಾರಾಗಿರಿ ಎಂದು ಹೇಳಿ ರಂಗಯ್ಯನವರು ಆ ಮಾತು ಅಲ್ಲಿಗೇ ಬಿಟ್ಟರು. ನೀವು ಟವೆಲ್ಲು ಬಿಚ್ಚಿ ಮಡಿಸಿ ಅವರ ಕೈಗೆ ಕೊಟ್ಟಿರಿ. ನನ್ನ ಮುಂದೆ ಹಾದು ಹೋಗುವಾಗ, “ನಿನಗಿನ್ನೂ ಕಣ್ಣು ಬರಬೇಕು ಕಣವ್ವ” ಎಂದಿರಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಅವಮಾನವಾದದ್ದು ನನಗೆ ಎಂದು ನಾನು ಭಾವಿಸಿದೆ, ನೋಡಿ ನನ್ನ ಬುದ್ಧಿ. ಅಂದಿನಿಂದ ನಿಮ್ಮ ಜೊತೆ ಮಾತು ಬಿಟ್ಟೆ. ಊಟಕ್ಕೆ ಕರೆಯಬೇಕಾದರೆ ಮೀನಾಕ್ಷಿಯ ಬಾಯಲ್ಲಿ “ಅಜ್ಜಿ, ಉಣ್ಣಾಕೆ ಬಾ” ಅನ್ನಿಸುತ್ತಿದ್ದೆ. ಒಂದೂವರೆ ವರ್ಷ. ನೀವು ಆಮೇಲೆ ತಮ್ಮನಿಗೆ ಕಾರ್ಡು ಬರೆಸಲು ನನ್ನನ್ನು ಕರೆಯಲಿಲ್ಲ. ಒಂದು ಸಲ ಮಾತ್ರ ಹೊಸಿಲ ಮೇಲೆ ಕಾರ್ಡು ಹಿಡಿದು ಕೂತಿದ್ದಿರಿ. ನಾನು ನೋಡಿಯೂ ನೋಡದಂತೆ ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕಾರ್ಡು ಗೋಡೆಯ ಗೂಡಿನಲ್ಲಿತ್ತು, ನೀವು ಎದ್ದು ಹೋಗಿದ್ದಿರಿ. ಆ ಖಾಲಿ ಕಾರ್ಡು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಅರವತ್ತೆರಡರ ಸಂಕ್ರಾಂತಿ ಕಳೆದ ಮೇಲೆ ನಿಮಗೆ ಅಂಗಳಕ್ಕೆ ಬರಲಾಗಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದಿರಿ, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಧೂಳು ತುಂಬಿದೆ, ಹೊತ್ತು ಮೀರಿದೆ ಎಂದರು. ಫಾಲ್ಗುಣದಲ್ಲಿ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಏನೋ ಹೇಳಲು ನೋಡಿದಿರಿ. ಬಗ್ಗಿ ಕಿವಿ ಕೊಟ್ಟೆ. “ಸರದಿ... ಸರದಿ ಮಾಡ್ಕೊಳ್ರೇ” ಎಂದಿರಿ. ಯಾವ ಸರದಿ ಎಂದು ಕೇಳುವಷ್ಟರಲ್ಲಿ ಕೆಮ್ಮು ಬಂತು. ಮಾರನೆಯ ದಿನ ಬೆಳಿಗ್ಗೆ ನೀವು ಇರಲಿಲ್ಲ. ನಿಮ್ಮ ಮೈಗೆ ನೀರು ಹಾಕಿದವಳು ನಾನೇ. ಮೂರನೆಯ ಕೊಡಕ್ಕೂ ಆ ನೀರು ಕಪ್ಪಗೇ ಹರಿಯಿತು. ಆಗಲೂ ನನಗೆ ಅಳು ಬರಲಿಲ್ಲ. ನಾನು ಅಷ್ಟು ಕಲ್ಲಾಗಿದ್ದೆ.

ತಿಥಿ ಮುಗಿಸಿ ಅಂಗಳಕ್ಕೆ ಹೋದ ದಿನ ನಿಮ್ಮ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದೆ. ಯಾರನ್ನೂ ಕೇಳದೆ ಕೆಳಗಾಳಿಗೆ ನಡೆದು ಮಣೆ ಹಾಕಿ ಕೂತೆ. ಬೇಡ ಬಾರೇ ಎಂದು ದುರ್ಗಮ್ಮ ಕರೆದಳು. ಇವಳಿಗೂ ಹೊಟ್ಟೆಕಿಚ್ಚು ಎಂದುಕೊಂಡು, ತೂರು ಎಂದೆ. ಅವಳು ತೂರಿದಳು.

ಅತ್ತೆ, ಮೊದಲ ಮೊರಕ್ಕೇ ನನ್ನ ಕಣ್ಣು ಮುಚ್ಚಿಹೋಯಿತು. ಉಜ್ಜಿ ತೆರೆದೆ, ಮತ್ತೆ ತುಂಬಿಕೊಂಡಿತು. ಬಾಯಿ, ಮೂಗು, ಕಿವಿ ಎಲ್ಲ ಬೂದಿ. ಹತ್ತು ಮೊರ ಆಗುವ ಹೊತ್ತಿಗೆ ಕಣ್ಣು ತೆರೆಯುವ ಆಸೆ ಬಿಟ್ಟು ಕೈಯಿಂದ ತಡವತೊಡಗಿದೆ. ಆಗ ತಿಳಿಯಿತು ನನಗೆ. ಕಡೇ ಕಣ್ಣಿನ ಜಾಗದಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಅಂದು ಟವೆಲ್ಲು ಕಟ್ಟಿದಾಗ ನಿಮಗೆ ಏನೂ ಕಷ್ಟವಾಗಲಿಲ್ಲ, ಯಾಕೆಂದರೆ ಅಷ್ಟು ವರ್ಷ ನೀವು ದಿನವಿಡೀ ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದ್ದಿರಿ.

ಬೂದಿ ತಡವುತ್ತಾ ಮಧ್ಯಾಹ್ನದವರೆಗೆ ಕೂತೆ. ಮಡಿಲ ತುಂಬ ಸಿಕ್ಕಿದ್ದು ಹುಣಸೆಬೀಜದಷ್ಟು ಸಣ್ಣ, ಹಗುರಾದ ಇದ್ದಿಲಿನ ಚೂರುಗಳು. ಒಂದೇ ಒಂದು ಕಲ್ಲು ಸಿಕ್ಕಲಿಲ್ಲ. ಸಿಕ್ಕುವುದಾದರೂ ಹೇಗೆ? ಭಾರದ್ದನ್ನು ಗಾಳಿ ಅಷ್ಟು ದೂರ ಒಯ್ಯುವುದಿಲ್ಲ. ಕಲ್ಲು ಬೀಳುವುದು ದುರ್ಗಮ್ಮನ ಕಾಲಬುಡದಲ್ಲಿ, ನನ್ನ ಮುಂದೆ. ತೀರ್ಥಪ್ಪನವರ ಹುಬ್ಬು ಸೀಳಿದ ಕಲ್ಲು ನನ್ನ ಕೈಯಿಂದ ದಾಟಿದ್ದು. ಇದು ದುರ್ಗಮ್ಮನಿಗೆ ಗೊತ್ತಿತ್ತು, ಕಾಂತಮ್ಮನಿಗೆ ಗೊತ್ತಿತ್ತು, ನಿಮಗಂತೂ ಗೊತ್ತೇ ಇತ್ತು. “ಕಲ್ಲು ನನ್ನ ತನಕ ಬರಾಕಿಲ್ಲ” ಎಂದು ನೀವು ಒಂದು ಮಾತು ಅಂದಿದ್ದರೆ ಸಾಕಿತ್ತು, ನನ್ನನ್ನು ಅಂದೇ ಓಡಿಸುತ್ತಿದ್ದರು. ನಿಮ್ಮ ಮೇಲೆ ದೂರು ಹೇಳಿದ ಸೊಸೆಯ ತಪ್ಪು ಮುಚ್ಚಲು ನೀವು ಊರವರ ಮುಂದೆ ಕಣ್ಣು ಕಟ್ಟಿಸಿಕೊಂಡು ಕೂತಿರಿ.

ಅಂದು ಮಧ್ಯಾಹ್ನ ಹೊಂಗೆ ಮರದ ಕೆಳಗೆ ದುರ್ಗಮ್ಮನ ಕೈ ಹಿಡಿದು ಕೇಳಿದೆ. ಅವಳು ಬುತ್ತಿ ಕಟ್ಟಿಟ್ಟು ಎಲ್ಲ ಹೇಳಿದಳು. “ಅದು ಯಾರಿಗೂ ಬ್ಯಾಡಾದ ಜಾಗ ಕಣೇ. ನೀನು ಬರೋಕೆ ಮುಂಚೆ ನಾವು ದಿನಕ್ಕೊಬ್ರು ಸರದಿ ಮೇಲೆ ಕೂರ್ತಿದ್ವಿ. ನೀನು ಬಸುರಿ ಅಂತ ಗೊತ್ತಾದಾಗ ನಿಮ್ಮತ್ತೆ ನಮ್ಮಿಬ್ರ ಮನೆಗೂ ಬಂದ್ಲು. ಅವಳ ಸರದೀಲಿ ನಾನು ಕೂರ್ತೀನಿ ಅಂದ್ಲು. ಅವಳಿಗೆ ಹೇಳ್ಬ್ಯಾಡ್ರಿ, ಹೇಳಿದ್ರೆ ಹಠಮಾರಿ, ಬೇಕಂತ್ಲೇ ಹೋಗಿ ಕೂರ್ತಾಳೆ ಅಂದ್ಲು. ನಿನ್ನೊಬ್ಳನ್ನೇ ಬಿಟ್ರೆ ನಿಂಗೆ ಅನುಮಾನ ಬತ್ತದಲ್ಲ? ಅದಕ್ಕೆ ಎಲ್ರ ಸರದೀನೂ ನಂಗೇ ಇರ್ಲಿ, ನೀವು ಅವಳ ಬುಟ್ಟಿ ಹೊತ್ಕೊಳ್ರಿ ಸಾಕು ಅಂದ್ಲು. ಮಗೀಗೆ ಹಾಲು ಬಿಡಿಸೋ ತನಕ ಅಂತಿದ್ಲು. ಆಮೇಲೆ ಇನ್ನೊಂದು ಮಗ ಆಗ್ಲಿ ಅಂದ್ಲು. ನೀನು ದೂರು ಹೇಳಿದ್ಮೇಲೆ ನಾನೇ ಅಂದೆ, ಇನ್ನಾದ್ರೂ ಎದ್ದು ಬಾರೇ ಈರಿ ಅಂತ. ನನ್ನ ಎದೆ ಹೆಂಗೂ ಕೆಟ್ಟದೆ, ಇನ್ನೊಂದು ಎದೆ ಯಾಕೆ ಕೆಡಿಸ್ಲಿ ಅಂದ್ಬಿಟ್ಲು.”

ನಿಮಗಾಗಿ ನಾನು ಮೊದಲು ಅತ್ತದ್ದು ಅವತ್ತು. ಮನೆಗೆ ಬಂದು, ನೀವು ಒರಗುತ್ತಿದ್ದ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತೆ. ನಿಮ್ಮ ಮಗ ಗಾಬರಿಯಾಗಿ ಏನಾಯಿತು ಎಂದು ಕೇಳಿದರು. ಅವರಿಗೆ ಎಲ್ಲ ಹೇಳಿದೆ. ಕೇಳಿ, ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದರು. ಇಂದಿನವರೆಗೂ ಆ ವಿಷಯ ಎತ್ತಿ ಒಂದು ಮಾತೂ ಆಡಿಲ್ಲ, ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವಾರದಲ್ಲೇ ತರೀಕೆರೆಗೆ ಹೋಗಿ ತೀರ್ಥಪ್ಪನವರ ಮುಂದೆ ನಿಂತು, ಆ ಕಲ್ಲು ದಾಟಿದ್ದು ನನ್ನ ಕೈಯಿಂದ ಎಂದು ಹೇಳಿ ಬಂದೆ. ಅವರು ಹುಬ್ಬಿನ ಗಾಯದ ಗುರುತು ಸವರಿಕೊಂಡು, “ಅವತ್ತೇ ಗೊತ್ತಿತ್ತು ಕಣವ್ವ. ನಿಮ್ಮತ್ತೆ ಮುಖ ನೋಡಿ ಸುಮ್ನಾದೆ” ಎಂದರು. ಎಲ್ಲರಿಗೂ ಕಂಡಿತ್ತು, ಕಣ್ಣು ಬರದಿದ್ದವಳು ನಾನೊಬ್ಬಳೇ.

ನೀವು ಕೊನೆಗೆ ಹೇಳಿದ ಸರದಿ ಯಾವುದೆಂದೂ ಆಗ ತಿಳಿಯಿತು. ಮಾರನೆಯ ದಿನದಿಂದ ದಿನಕ್ಕೊಬ್ಬರಂತೆ ಮತ್ತೆ ಸರದಿ ಶುರು ಮಾಡಿದೆವು. ನನ್ನ ಬುಟ್ಟಿ ನಾನೇ ಹೊತ್ತೆ. ಇದ್ದಿಲಿಗೆ ನೀರು ಮುಟ್ಟಿಸುವ ಹಾಗಿಲ್ಲದಿದ್ದರೆ ಹೋಗಲಿ, ನಮ್ಮ ಮೂಗಿಗೆ ಕಟ್ಟುವ ಬಟ್ಟೆಗಾದರೂ ಮುಟ್ಟಿಸಬೇಕು ಎಂದು ರಂಗಯ್ಯನವರ ಜೊತೆ ಜಗಳವಾಡಿ ದಿನಕ್ಕೊಂದು ಕೊಡ ನೀರು ತರಿಸಿದೆ. ಎರಡು ವರ್ಷ ಹಾಗೇ ನಡೆಯಿತು. ಈಗ ಫ್ಯಾನು ಬಂತು, ಕೆಳಗಾಳಿಗೆ ಮನುಷ್ಯರು ಬೇಕಾಗಿಲ್ಲ, ಗೋಡೆ ಸಾಕು. ಸಂಜೆ ಎಲ್ಲರೂ ಹೋದ ಮೇಲೆ ಆ ಗೋಡೆಯನ್ನು ಮುಟ್ಟಿ ನೋಡಿದೆ. ಒಂದೇ ದಿನಕ್ಕೆ ಒಳಗೆಲ್ಲ ಬೆರಳು ದಪ್ಪ ಬೂದಿ ಕಟ್ಟಿದೆ. ಐದು ವರ್ಷ ಅದೆಲ್ಲ ನಿಮ್ಮ ಎದೆಯೊಳಗೆ ಹೋಯಿತು. ಒಂದು ಇಟ್ಟಿಗೆ ಗೋಡೆಯ ಕೆಲಸಕ್ಕೆ ಇಷ್ಟು ತಡ ಮಾಡಿದರಲ್ಲ ಎಂದು ಸಿಟ್ಟು ಬಂತು. ಆದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ? ಒಂದು ಮಾತು ಆಡಲು ನಾನೂ ತಡ ಮಾಡಿದವಳೇ.

ತಪ್ಪಾಯಿತು ಅತ್ತೆ. ಇಷ್ಟು ಬರೆದದ್ದು ಈ ಎರಡು ಪದ ಬರೆಯುವುದಕ್ಕೆ.

ನಿಮ್ಮ ಮಣೆಯನ್ನು ಒಲೆಯ ಮುಂದೆ ಇಟ್ಟಿದ್ದೇನೆ. ಮೀನಾಕ್ಷಿ ಅದರ ಮೇಲೆ ಕೂತು ಊದುಗೊಳವೆ ಹಿಡಿದರೆ ಒಂದೇ ಊದಿಗೆ ಬೆಂಕಿ ಹತ್ತುತ್ತದೆ. ಎಂಥಾ ಉಸಿರೇ ನಿನ್ನದು ಎಂದು ದುರ್ಗಮ್ಮ ದೃಷ್ಟಿ ತೆಗೆಯುತ್ತಾಳೆ. ಮೀನಾಕ್ಷಿ ಈಗ ಎರಡನೇ ಕ್ಲಾಸು, ಕಾಗುಣಿತ ಕೂಡಿಸಿ ಕೂಡಿಸಿ ಓದುತ್ತಾಳೆ. ಇನ್ನೆರಡು ವರ್ಷ ಹೋಗಲಿ, ಅವಳನ್ನು ಆ ಮಣೆಯ ಮೇಲೆ ಕೂರಿಸಿ ಈ ಕಾಗದ ಓದಿಸುತ್ತೇನೆ. ಬರೆದದ್ದನ್ನು ಓದಿ ಹೇಳದೆ ನೀವು ಬಿಟ್ಟವರಲ್ಲವಲ್ಲ. ನಾನು ಓದಿದರೆ ಪ್ರತಿ ಸಾಲಿಗೂ ತಡವರಿಸುತ್ತೇನೆ, ನಿಮಗೆ ಸುಳ್ಳಿನ ಹಾಗೆ ಕೇಳುತ್ತದೆ. ಅವಳು ತಡವರಿಸುವುದಿಲ್ಲ. ನೀವು ಕಾಯ್ದುಕೊಟ್ಟ ಉಸಿರು ಅವಳದು, ಒಂದೇ ಉಸಿರಿಗೆ ಓದುತ್ತಾಳೆ. ಹೊಸಿಲ ಮೇಲೆ ಕೂತು ಕೇಳಿಸಿಕೊಳ್ಳಿ.

ಗೂಡಿನಲ್ಲಿ ಬಿಟ್ಟುಹೋದ ಆ ಖಾಲಿ ಕಾರ್ಡನ್ನು ಈ ಕಾಗದದ ಜೊತೆ ಮಡಿಸಿ ಇಡುತ್ತಿದ್ದೇನೆ. ಹಿತ್ತಲಿಗೆ ಹೋದವಳು ವಾಪಸ್ಸು ಬಂದಿದ್ದೇನೆ, ಹೇಳಿ, ಬರೆದುಕೊಳ್ಳುತ್ತೇನೆ.

ನೀವು ಈಗ ಎಲ್ಲಿದ್ದೀರೋ, ಅಲ್ಲಿ ಬೇರೆಯವರ ಸರದಿ ಹೊತ್ತುಕೊಳ್ಳಬೇಡಿ. ಅಲ್ಲಾದರೂ ಮೇಲ್ಗಾಳಿಗೆ ಕೂತುಕೊಳ್ಳಿ.

ನಿಮ್ಮ ಸೊಸೆ,
ಶಂಕರಿ